ನಿಂತು ನಿಂತು ಬವಳಿ ಬರುವುದೇಕೆ?

ಪ್ರಶ್ನೆ: ನನಗೆ 24 ವರ್ಷ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ನನ್ನದು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆಯವರೆಗೆ ನಿಂತೇ ಇರುತ್ತೇನೆ. ಶೌಚಾಲಯ ದೂರ, ಹಾಗಾಗಿ ನೀರು ಕುಡಿಯುವುದು ಕಡಿಮೆ. ಈ ಬೇಸಿಗೆಯಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದೆ. ಎರಡನೆಯ ಸಲ ಜೊತೆಯವರು ಎತ್ತಿ ಕುರ್ಚಿಯಲ್ಲಿ ಕೂರಿಸಿದಾಗ ಕೈಕಾಲು ಅದುರಿದವಂತೆ. ಕೆಲವರು ಫಿಟ್ಸ್ ಎನ್ನುತ್ತಾರೆ, ಕೆಲವರು ರಕ್ತ ಕಡಿಮೆ ಎನ್ನುತ್ತಾರೆ. ಮನೆಯಲ್ಲಿ ಕೆಲಸ ಬಿಡು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ. ನೀವು ಬರೆದಿರುವುದನ್ನು ಓದಿದರೆ ಇದು ಹೆಚ್ಚಾಗಿ ನಿಂತು ನಿಂತು ಬರುವ ಬವಳಿಯೇ ಇರಬೇಕು. ಹಳಬರು ಮೂರ್ಛೆರೋಗವನ್ನೂ ಬವಳಿಯನ್ನೂ ಬೇರೆ ಬೇರೆ ಹೆಸರಿನಿಂದಲೇ ಕರೆಯುತ್ತಿದ್ದರು. ಈಗ ನಾವು ಎರಡನ್ನೂ ಕಲಸಿ, ಬಿದ್ದವರಿಗೆಲ್ಲ ಫಿಟ್ಸ್ ಎಂಬ ಹಣೆಪಟ್ಟಿ ಅಂಟಿಸುತ್ತಿದ್ದೇವೆ. ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಈ ಹಣೆಪಟ್ಟಿ ಎಷ್ಟು ಭಾರವಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಯ ಭಾಗದಿಂದ ಕೆಳಗಿಳಿದು ಹೊಟ್ಟೆ ಮತ್ತು ಕಾಲುಗಳ ರಕ್ತನಾಳಗಳಲ್ಲಿ ನಿಲ್ಲುತ್ತದೆ. ಅದನ್ನು ಮತ್ತೆ ಹೃದಯಕ್ಕೆ ಹತ್ತಿಸುವುದರಲ್ಲಿ ದೊಡ್ಡ ಪಾಲು ಮೀನಖಂಡದ್ದು. ಇದನ್ನು ಓದುತ್ತಿರುವಾಗಲೇ ಒಮ್ಮೆ ಎದ್ದು ನಿಲ್ಲಿ. ಬಗ್ಗಿ ಮೊಣಕಾಲಿನ ಹಿಂದೆ ಕೆಳಗಡೆ ಕೈಯಿಟ್ಟು, ಹಿಮ್ಮಡಿ ಮೇಲೆತ್ತಿ. ಮೆತ್ತಗಿದ್ದ ಮಾಂಸ ಕಲ್ಲಿನಂತೆ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ಹಾಗೆ ಗಟ್ಟಿಯಾದಾಗಲೆಲ್ಲ ಒಳಗಿನ ರಕ್ತನಾಳ ಹಿಂಡಿದಂತಾಗಿ ರಕ್ತ ಮೇಲಕ್ಕೆ ಚಿಮ್ಮುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದನ್ನು ಮತ್ತೆ ಕೆಳಗೆ ಜಾರಲು ಬಿಡುವುದಿಲ್ಲ. ಮೀನಖಂಡವನ್ನು ಎರಡನೆಯ ಹೃದಯ ಎಂದು ಕರೆಯುವುದು ಇದಕ್ಕೇ. ನಡೆಯುವಾಗ ಈ ಪಂಪು ತಾನಾಗಿಯೇ ಓಡುತ್ತಿರುತ್ತದೆ. ಅಲ್ಲಾಡದೆ ನಿಂತಾಗ ಅದೂ ನಿಲ್ಲುತ್ತದೆ. ದಿನವಿಡೀ ಹೊಲದಲ್ಲಿ ಓಡಾಡುವವರಿಗೆ ಬಾರದ ಬವಳಿ, ಕೌಂಟರಿನ ಹಿಂದೆ ಒಂದೇ ಕಡೆ ನಿಂತವರಿಗೆ ಬರುವುದು ಇದರಿಂದಲೇ. ಪರೇಡಿನಲ್ಲಿ ಅಲುಗಾಡದೆ ನಿಂತ ಗಟ್ಟಿಮುಟ್ಟಾದ ಜವಾನರೂ ಹೀಗೆಯೇ ಬೀಳುತ್ತಾರೆ. ಹಾಗಾಗಿ ನಿಮ್ಮ ದೇಹ ದುರ್ಬಲ ಎಂದು ಕೊರಗಬೇಡಿ.

ಇದರ ಜೊತೆಗೆ ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ಬಿಸಿಲು. ಸೆಖೆಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿ ಬೆವರಿ ನೀರೂ ಉಪ್ಪೂ ಹೋಗುತ್ತದೆ. ಹೃದಯಕ್ಕೆ ಮರಳುವ ರಕ್ತ ಇನ್ನಷ್ಟು ಇಳಿಯುತ್ತದೆ. ಒಂದು ಹಂತದವರೆಗೆ ಹೃದಯ ಬೇಗ ಬೇಗ ಬಡಿದು ತೂಗಿಸಿಕೊಂಡು ಹೋಗುತ್ತದೆ. ಆಮೇಲೆ ಕೆಲವರಲ್ಲಿ ಈ ವ್ಯವಸ್ಥೆ ಇದ್ದಕ್ಕಿದ್ದಂತೆ ತಿರುಗುಮುರುಗಾಗುತ್ತದೆ: ವೇಗಸ್ ಎಂಬ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ, ಬಿಗಿಯಾಗಿದ್ದ ರಕ್ತನಾಳಗಳು ಸಡಿಲವಾಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಮಿದುಳಿಗೆ ಕೆಲವೇ ಸೆಕೆಂಡು ರಕ್ತ ಸಾಲದೆ ಹೋದರೂ ಪ್ರಜ್ಞೆ ತಪ್ಪುತ್ತದೆ. ಬಿದ್ದ ಮೇಲೆ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬರುವುದರಿಂದ ರಕ್ತ ಸಲೀಸಾಗಿ ಮಿದುಳು ಸೇರಿ, ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಎಚ್ಚರವಾಗುತ್ತದೆ. ದೇಹ ತನ್ನನ್ನು ತಾನೇ ಮಲಗಿಸಿಕೊಂಡಿತು ಎಂದುಕೊಳ್ಳಿ.

ಈಗ ನಿಮ್ಮ ಕೈಕಾಲು ಅದುರಿದ ವಿಷಯ. ಮಲಗಿಸಬೇಕಾದವರನ್ನು ಎತ್ತಿ ಕೂರಿಸಿದರೆ ಮಿದುಳಿಗೆ ರಕ್ತ ಬರುವುದು ಇನ್ನೂ ತಡವಾಗುತ್ತದೆ, ಆಗ ಕೈಕಾಲು ಕೆಲವು ಸೆಕೆಂಡು ಎಳೆದಾಡುವುದುಂಟು. ಫಿಟ್ಸ್‌ನಲ್ಲಿ ಅದುರುವಿಕೆ ಸಾಮಾನ್ಯವಾಗಿ ಒಂದೆರಡು ನಿಮಿಷ ಇರುತ್ತದೆ, ನಾಲಿಗೆಯ ಅಂಚು ಕಚ್ಚಿಕೊಂಡಿರಬಹುದು, ಎಚ್ಚರವಾದ ಮೇಲೂ ಬಹಳ ಹೊತ್ತು ಎಲ್ಲಿದ್ದೇನೆ ಎಂಬ ಅರಿವಿರುವುದಿಲ್ಲ. ಬವಳಿ ಬಂದವರು ಸುಸ್ತಾಗಿದ್ದರೂ ಎದುರಿಗಿದ್ದವರನ್ನು ಬೇಗನೆ ಗುರುತು ಹಿಡಿಯುತ್ತಾರೆ.

ಹಾಗಾಗಿ ನಿಮ್ಮ ಜೊತೆಯವರಿಗೂ ಒಂದು ಮಾತು. ಬಿದ್ದವರ ಕೈಗೆ ಬೀಗದಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಸುತ್ತ ಮುತ್ತಿಕೊಳ್ಳುವುದು ಯಾವುದೂ ಬೇಡ. ಅಂಗಾತ ಮಲಗಿಸಿ, ಸೀರೆಯ ಡಬ್ಬಗಳನ್ನೋ ಸ್ಟೂಲನ್ನೋ ಇಟ್ಟು ಕಾಲು ಎತ್ತರಿಸಿ, ಕುತ್ತಿಗೆ, ಸೊಂಟದ ಬಿಗಿ ಸಡಿಲಿಸಿ. ಬಸುರಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಪೂರ್ತಿ ಎಚ್ಚರವಾಗುವ ಮೊದಲು ಬಾಯಿಗೆ ನೀರು ಹಾಕಲೇಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಎಚ್ಚರವಾದ ಮೇಲೂ ಹತ್ತು ಹದಿನೈದು ನಿಮಿಷ ಮಲಗಿರಲಿ. ತಕ್ಷಣ ಎಬ್ಬಿಸಿ ನಿಲ್ಲಿಸಿದರೆ ಮತ್ತೆ ಬೀಳುತ್ತಾರೆ.

ಇನ್ನು ಬೀಳದಂತೆ ನೋಡಿಕೊಳ್ಳುವುದು. ಈ ಬವಳಿ ಹೇಳದೆ ಕೇಳದೆ ಬರುವುದು ಅಪರೂಪ. ಮೊದಲು ಮೈ ಬಿಸಿಯಾದಂತೆ, ಹಣೆಯಲ್ಲಿ ತಣ್ಣನೆಯ ಬೆವರು, ಹೊಟ್ಟೆ ತೊಳಸುವುದು, ಆಕಳಿಕೆ, ಕಿವಿಯಲ್ಲಿ ಗುಂಯ್ ಎನ್ನುವುದು, ಎದುರಿನ ಸೀರೆಯ ಬಣ್ಣ ಮಾಸಿದಂತೆ ಕಾಣುವುದು. ನಿಮಗೂ ಇವುಗಳಲ್ಲಿ ಒಂದೆರಡು ಆಗಿರಬಹುದು, ಗಿರಾಕಿಯ ಮುಂದೆ ಹೇಗೆ ಕೂರುವುದು ಎಂದು ತಡೆದುಕೊಂಡು ನಿಂತಿರಬಹುದು. ಇನ್ನು ಮೇಲೆ ತಡೆದುಕೊಳ್ಳಬೇಡಿ. ಆ ಗಳಿಗೆಯಲ್ಲಿ ನೆಲದ ಮೇಲೆ ಮಲಗಲು ಸಾಧ್ಯವಾದರೆ ಅದೇ ಉತ್ತಮ, ಇಲ್ಲವೇ ಕುಕ್ಕರುಗಾಲಿನಲ್ಲಿ ಕೂತುಬಿಡಿ. ಅದಕ್ಕೂ ಆಗದಿದ್ದರೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಅಡ್ಡಹಾಕಿ ತೊಡೆ, ಪೃಷ್ಠ, ಹೊಟ್ಟೆಯನ್ನು ಬಲವಾಗಿ ಬಿಗಿಹಿಡಿಯಿರಿ. ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಹೆಣೆದು ಹೊರಕ್ಕೆ ಎಳೆಯಿರಿ. ಉಸಿರು ಮಾತ್ರ ಕಟ್ಟಬೇಡಿ. ಕುಸಿಯುತ್ತಿದ್ದ ಒತ್ತಡ ಕೆಲವೇ ಸೆಕೆಂಡುಗಳಲ್ಲಿ ಏರುತ್ತದೆ. ಮನೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಟ್ಟುಕೊಂಡರೆ ಬೇಕಾದಾಗ ತಾನಾಗಿ ಬರುತ್ತದೆ.

ಮಿಕ್ಕ ಹೊತ್ತಿನಲ್ಲಿ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಸೀರೆಯ ಕೆಳಗೆ ಯಾರಿಗೂ ಕಾಣುವುದಿಲ್ಲ. ತಿಂಡಿ ತಪ್ಪಿಸಬೇಡಿ, ಹಾಗೆಂದು ಮಧ್ಯಾಹ್ನ ಹೊಟ್ಟೆಬಿರಿಯ ಉಂಡು ನೇರ ಕೌಂಟರಿಗೂ ಹೋಗಬೇಡಿ. ಮದುವೆ ಜವಳಿ ತೆಗೆಯುವ ದೊಡ್ಡ ಬಳಗ ಬಂದಾಗ, ನಿಲ್ಲುವ ಮೊದಲು ಎರಡು ದೊಡ್ಡ ಲೋಟ ನೀರನ್ನು ಒಟ್ಟಿಗೆ ಕುಡಿಯಿರಿ. ರಕ್ತದಾನ ಮಾಡುವವರಿಗೂ ಬವಳಿ ಬಾರದಿರಲೆಂದು ಹೀಗೆಯೇ ನೀರು ಕುಡಿಸುತ್ತಾರೆ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ರಕ್ತದೊತ್ತಡ ಹೆಚ್ಚಿರುವವರು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಶೌಚಾಲಯದ ಸಾಲು. ನೀರು ಕುಡಿಯಿರಿ ಎಂದು ಹೇಳುವುದು ನನಗೆ ಸುಲಭ. ಹೋಗಲು ಜಾಗವಿಲ್ಲದೆ ಬಾಯಾರಿಕೆ ನುಂಗಿಕೊಂಡಿರುವ ಹೆಣ್ಣುಮಕ್ಕಳಿಗೆ ಆ ಮಾತು ಏನು ಪ್ರಯೋಜನ? ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ಇದನ್ನು ಓದುವ ಅಂಗಡಿ ಮಾಲೀಕರು ಕಾನೂನಿಗಾಗಿ ಕಾಯಬೇಕಿಲ್ಲ. ಕೌಂಟರಿನ ಹಿಂದೆ ಒಂದು ಸ್ಟೂಲು, ಗಂಟೆಗೊಮ್ಮೆ ಐದು ನಿಮಿಷ, ಹತ್ತಿರದಲ್ಲೊಂದು ಶೌಚಾಲಯ: ಇವು ಯಾವ ಮಾತ್ರೆಗಿಂತಲೂ ಮಿಗಿಲು. ಬವಳಿ ಬಂದಾಗಲೆಲ್ಲ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಆ ಹಣದಲ್ಲಿ ಎರಡು ಸ್ಟೂಲು ಬರುತ್ತವೆ.

ರಕ್ತ ಕಡಿಮೆ ಎಂಬ ಮಾತನ್ನೂ ತಳ್ಳಿಹಾಕಲಾರೆ. ಮುಟ್ಟಿನಲ್ಲಿ ಸ್ರಾವ ಹೆಚ್ಚಿದ್ದರೆ ಹಿಮೋಗ್ಲೋಬಿನ್ ಇಳಿದಿರಬಹುದು. ಹೆಂಗಸರಲ್ಲಿ ಅದು 12 ಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು, ಬವಳಿಗೂ ಅದು ದಾರಿ ಮಾಡಿಕೊಡುತ್ತದೆ.

ಕೆಲವು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ತಡ ಮಾಡಬಾರದು. ಓಡುವಾಗ, ಮೆಟ್ಟಿಲು ಹತ್ತುವಾಗ ಅಥವಾ ಮಲಗಿದ್ದಲ್ಲೇ ಪ್ರಜ್ಞೆ ತಪ್ಪಿದರೆ, ಬೀಳುವ ಮುನ್ನ ಎದೆನೋವೋ ಎದೆ ಡವಗುಟ್ಟುವುದೋ ಆಗಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ, ಅದನ್ನು ಬರೀ ಬವಳಿ ಎಂದುಕೊಳ್ಳಬೇಡಿ. ವಯಸ್ಸಾದವರು, ರಕ್ತದೊತ್ತಡದ ಮಾತ್ರೆ ನುಂಗುವವರು ಬಿದ್ದರೂ ಹಾಗೆಯೇ.

ನಿಮಗೆ ಇವು ಯಾವುವೂ ಇಲ್ಲದಿದ್ದರೂ ಎರಡು ಸಲ ಬಿದ್ದಿರುವುದರಿಂದ ಈ ವಾರದ ರಜೆಯ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ವೈದ್ಯರ ಬಳಿಗೋ ಹೋಗಿ ಬನ್ನಿ. ಇಸಿಜಿ, ಹಿಮೋಗ್ಲೋಬಿನ್ ಮಾಡಿಸಿ. ರಕ್ತದೊತ್ತಡವನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಲು ಕೇಳಿ. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಅದರ ಕಾರಣ ಹುಡುಕಬೇಕಾಗುತ್ತದೆ. ಹೋಗುವಾಗ, ನೀವು ಬಿದ್ದಾಗ ಪಕ್ಕದಲ್ಲಿದ್ದ ಗೆಳತಿಯನ್ನೂ ಕರೆದುಕೊಂಡು ಹೋಗಿ. ಆ ಒಂದು ನಿಮಿಷದಲ್ಲಿ ಏನಾಯಿತೆಂದು ವೈದ್ಯರಿಗೆ ಹೇಳಬಲ್ಲವರು ಅವರೊಬ್ಬರೇ.