ಮರಳಿ ಬಂದ ಕಾಡು, ಬತ್ತುತ್ತಿರುವ ಒರತೆ

ನೇಪಾಳದ ಬೆಟ್ಟಸಾಲುಗಳಲ್ಲಿ ಕೈಗೆಟುಕುವ ಕಾಡೆಲ್ಲ ಸುಮಾರು ಹದಿನೈದು ವರ್ಷಗಳಲ್ಲಿ ಮುಗಿದುಹೋಗಲಿದೆ ಎಂದು 1970ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕ್ ಎಚ್ಚರಿಸಿತ್ತು. ಜನಸಂಖ್ಯೆ ಏರುತ್ತಿದೆ, ಸೌದೆಗೂ ಮೇವಿಗೂ ಹಳ್ಳಿಗರು ಮರ ಬೋಳಿಸುತ್ತಿದ್ದಾರೆ, ಅಲ್ಲಿಂದ ಕೊಚ್ಚಿಹೋದ ಮಣ್ಣೇ ಕೆಳಗೆ ಬಾಂಗ್ಲಾದೇಶದಲ್ಲಿ ನೆರೆಗೆ ಕಾರಣವಾಗುತ್ತಿದೆ ಎಂಬ ವಾದ ಆಗ ಪ್ರಬಲವಾಗಿತ್ತು. ಹಿಮಾಲಯವು ಇನ್ನೂ ಮೇಲೇಳುತ್ತಿರುವ ಎಳೆಯ ಪರ್ವತಶ್ರೇಣಿ, ಭಾರೀ ಮುಂಗಾರಿನಲ್ಲಿ ಅದು ಮನುಷ್ಯನ ಕೈ ಸೋಕದಿದ್ದರೂ ಕುಸಿಯುತ್ತದೆ, ಆದ್ದರಿಂದ ಎಲ್ಲ ಹೊಣೆಯನ್ನೂ ಬೆಟ್ಟದ ರೈತನ ತಲೆಗೆ ಕಟ್ಟುವುದು ಸರಿಯಲ್ಲ ಎಂದು ಜಾಕ್ ಐವ್ಸ್ ಮತ್ತು ಬ್ರೂನೊ ಮೆಸ್ಸೆರ್ಲಿ ಎಂಬ ಭೂಗೋಳ ವಿಜ್ಞಾನಿಗಳು 1980ರ ದಶಕದಲ್ಲಿ ವಾದಿಸಿದರು. ಮುಂದೆ ನಡೆದದ್ದು ಎಚ್ಚರಿಕೆಗೆ ಪೂರ್ತಿ ವಿರುದ್ಧವಾದುದು. ಉಪಗ್ರಹ ಚಿತ್ರಗಳ ವಿಶ್ಲೇಷಣೆಯ ಪ್ರಕಾರ 1992ರಲ್ಲಿ ನೇಪಾಳದ ಶೇ. 26ರಷ್ಟು ನೆಲದಲ್ಲಿದ್ದ ಕಾಡು 2016ರ ವೇಳೆಗೆ ಶೇ. 45ರಷ್ಟಾಯಿತು. ಅಲ್ಲಿನ ಸರ್ಕಾರವೇ ನಡೆಸಿದ ಅರಣ್ಯ ಸಮೀಕ್ಷೆಯೂ ಕುರುಚಲು ಕಾಡನ್ನು ಸೇರಿಸಿಕೊಂಡು ಶೇ. 44.74 ಎಂಬ ಹತ್ತಿರದ ಲೆಕ್ಕವನ್ನೇ ಕೊಟ್ಟಿದೆ.

ಬಡ ದೇಶವೊಂದು ಎರಡೂವರೆ ದಶಕಗಳಲ್ಲಿ ಇಷ್ಟು ಕಾಡನ್ನು ಮರಳಿ ಪಡೆದದ್ದು ಜಗತ್ತಿನಲ್ಲಿ ಅಪರೂಪ. ಆದರೆ ಆಕಾಶದಿಂದ ಕಾಣುವುದು ಮರಗಳ ನೆತ್ತಿ ಮಾತ್ರ. ಆ ಹಸಿರಿನ ಕೆಳಗೆ ನೆಲ ಹೇಗಿದೆ, ನೀರು ಎಲ್ಲಿಗೆ ಹೋಗುತ್ತಿದೆ, ಅದನ್ನು ಕಾದವರ ಬದುಕು ಏನಾಗಿದೆ ಎಂಬುದನ್ನು ನೋಡದೆ ಈ ಅಂಕಿಯನ್ನು ಕೊಂಡಾಡುವುದು ಅವಸರದ ಮಾತಾಗುತ್ತದೆ.

1957ರಲ್ಲಿ ನೇಪಾಳ ಸರ್ಕಾರ ಖಾಸಗಿ ಕಾಡುಗಳನ್ನು ರಾಷ್ಟ್ರೀಕರಣ ಮಾಡಿತು. ಕಾಡು ಕಾಗದದ ಮೇಲೆ ಸರ್ಕಾರದ್ದಾಯಿತು, ಆದರೆ ರಸ್ತೆಯೇ ಇಲ್ಲದ ಬೆಟ್ಟಗಳಲ್ಲಿ ಅದನ್ನು ಕಾಯುವಷ್ಟು ಸಿಬ್ಬಂದಿ ಇಲಾಖೆಗೆ ಇರಲಿಲ್ಲ. ಊರಿನವರೇ ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದ ಕಟ್ಟುಪಾಡುಗಳು ಹಲವೆಡೆ ಸಡಿಲಗೊಂಡವು. ದಕ್ಷಿಣದ ತರಾಯಿ ಬಯಲಿನಲ್ಲಿ ಡಿಡಿಟಿ ಸಿಂಪಡಿಸಿ ಮಲೇರಿಯಾ ಹತೋಟಿಗೆ ಬಂದೊಡನೆ ಬೆಟ್ಟದ ಜನ ಇಳಿದುಬಂದು ನೆಲೆಸಿದರು, ಅಲ್ಲಿನ ದಟ್ಟ ಸಾಲ ವೃಕ್ಷದ ಕಾಡು ಹೊಲವಾಯಿತು. ತಪ್ಪಿನ ಅರಿವಾಗಿ 1978ರಲ್ಲಿ ಪಂಚಾಯಿತಿಗಳಿಗೆ ಕಾಡು ವಹಿಸುವ ನಿಯಮ ಬಂತು. ಪ್ರಜಾಪ್ರಭುತ್ವ ಮರಳಿದ ನಂತರ 1993ರ ಅರಣ್ಯ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಭೂಮಿಯ ಒಡೆತನವನ್ನು ಸರ್ಕಾರದಲ್ಲೇ ಉಳಿಸಿಕೊಂಡು, ಕಾಡನ್ನು ನಿಜವಾಗಿ ಬಳಸುವ ಮನೆಗಳ ಗುಂಪಿಗೇ ಅದರ ನಿರ್ವಹಣೆಯನ್ನೂ ಫಲವನ್ನೂ ಬಿಟ್ಟುಕೊಟ್ಟಿತು. ಇಂದು ಇಂಥ 22 ಸಾವಿರಕ್ಕೂ ಹೆಚ್ಚು ಬಳಕೆದಾರರ ಗುಂಪುಗಳಿವೆ. ಸುಮಾರು 30 ಲಕ್ಷ ಕುಟುಂಬಗಳು ಅವುಗಳ ಸದಸ್ಯತ್ವ ಪಡೆದಿವೆ.

ಯಾವ ತಿಂಗಳಲ್ಲಿ ಒಣ ಸೌದೆ ಆಯಬಹುದು, ಯಾವ ಕಡೆ ಹುಲ್ಲು ಕೊಯ್ಯಬಹುದು, ಮನೆ ಕಟ್ಟುವವರಿಗೆ ಎಷ್ಟು ಮರ ಕೊಡಬೇಕು, ಕದ್ದು ಕಡಿದವರಿಗೆ ಎಷ್ಟು ದಂಡ ಎಂಬುದನ್ನೆಲ್ಲ ಗುಂಪಿನ ಸಭೆಯೇ ತೀರ್ಮಾನಿಸುತ್ತದೆ. ಬಂದ ಆದಾಯದಲ್ಲಿ ಕಾಲು ಭಾಗವನ್ನು ಕಾಡಿಗೇ ಖರ್ಚು ಮಾಡಬೇಕು. ಉಳಿದ ಹಣದಿಂದ ಎಷ್ಟೋ ಊರುಗಳಲ್ಲಿ ಶಾಲೆಯ ಕೋಣೆಯೋ ಕುಡಿಯುವ ನೀರಿನ ಕೊಳವೆಯೋ ಆಗಿದೆ. 1996ರಿಂದ 2006ರವರೆಗೆ ನಡೆದ ಅಂತರ್ಯುದ್ಧದ ನಡುವೆಯೂ ಈ ಗುಂಪುಗಳಲ್ಲಿ ಬಹಳಷ್ಟು ಸಭೆ ಸೇರುವುದನ್ನು ಬಿಡಲಿಲ್ಲ. 2002ರಿಂದ 2017ರ ತನಕ ನೇಪಾಳದ ಹಳ್ಳಿಗಳಲ್ಲಿ ಚುನಾಯಿತ ಸ್ಥಳೀಯ ಸಂಸ್ಥೆಗಳೇ ಇರಲಿಲ್ಲ ಎಂಬುದನ್ನು ನೆನೆದರೆ, ಕಾಡಿನ ಸಭೆ ಎಷ್ಟು ದೊಡ್ಡ ಕೆಲಸ ಮಾಡಿತೆಂಬುದು ಅರ್ಥವಾಗುತ್ತದೆ.

ಕಾಡು ಮರಳಿದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಅಷ್ಟು ಸಂತೋಷದ್ದಲ್ಲ. ಬೆಟ್ಟದ ಯುವಕರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ, ಭಾರತಕ್ಕೆ ದುಡಿಯಲು ಹೋದರು. ಅವರು ಕಳುಹಿಸುವ ಹಣ ಈಗ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ಉಳುವವರಿಲ್ಲದೆ ಹಡಿಲು ಬಿದ್ದ ಮೆಟ್ಟಿಲು ಗದ್ದೆಗಳಲ್ಲಿ ಮೊದಲು ಹುಲ್ಲು, ಪೊದೆ, ಆಮೇಲೆ ಉತ್ತಿಸ್ ಮರ ಎದ್ದುಬರುತ್ತದೆ. ಬೇರಿನ ಗಂಟುಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಳ್ಳುವ ಈ ಮರ, ಕುಸಿದ ಇಳಿಜಾರಿನಲ್ಲೂ ಎಲ್ಲಕ್ಕಿಂತ ಮೊದಲು ಬೇರೂರುತ್ತದೆ. ದುಡ್ಡು ಬಂದ ಮನೆಗಳಲ್ಲಿ ಅಡುಗೆ ಅನಿಲವೂ ಬಂತು. ಸೌದೆಯನ್ನೇ ನೆಚ್ಚಿಕೊಂಡ ಕುಟುಂಬಗಳು 2011ರ ಜನಗಣತಿಯಲ್ಲಿ ಶೇ. 64ರಷ್ಟಿದ್ದರೆ 2021ರಲ್ಲಿ ಶೇ. 51ಕ್ಕೆ ಇಳಿದವು. ಆ ಅನಿಲ ಬರುವುದು ಭಾರತದಿಂದ. 2015ರ ಕೊನೆಯಲ್ಲಿ ಗಡಿಯಲ್ಲಿ ಸರಕು ಸಾಗಣೆ ನಿಂತಾಗ ಕಠ್ಮಂಡುವಿನಂಥ ನಗರದ ಜನ ಕೂಡ ಮತ್ತೆ ಸೌದೆ ಒಲೆ ಹೂಡಬೇಕಾಯಿತು.

ಊರಲ್ಲಿ ಉಳಿದ ಹೆಂಗಸರ ಪಾಲಿಗೆ ಕಾಡು ಕಾಯುವ ಕೆಲಸ ಹಗುರವಾದುದೇನಲ್ಲ. ಮೇಯಲು ಬಿಡುವುದು ನಿಂತ ಮೇಲೆ ದನ, ಎಮ್ಮೆ, ಆಡುಗಳಿಗೆ ಕೊಟ್ಟಿಗೆಗೇ ಮೇವು ತರಬೇಕು. ಬೆನ್ನಿಗೆ ಡೋಕೊ ಬುಟ್ಟಿ, ಅದರ ಭಾರ ಹೊರಲು ಹಣೆಗೆ ನಾಮ್ಲೊ ಪಟ್ಟಿ, ಕೈಯಲ್ಲಿ ಕುಡುಗೋಲು: ಈ ದುಡಿಮೆಯ ಬಹುಪಾಲು ಅವರದ್ದೇ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂಬ ಮಾರ್ಗಸೂಚಿ 2009ರಲ್ಲಿ ಬಂದಿದೆ, ಆದರೆ ಕುರ್ಚಿ ಸಿಕ್ಕಿದ ಮಾತ್ರಕ್ಕೆ ಮಾತಿಗೆ ಬೆಲೆ ಸಿಗುತ್ತದೆಂದೇನೂ ಇಲ್ಲ. ಕಬ್ಬಿಣದ ಕೆಲಸ ಮಾಡುವ ದಲಿತ ಕಾಮಿ ಸಮುದಾಯದವರ ಕಷ್ಟ ಇನ್ನೂ ಹೆಚ್ಚಿನದು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲು ಸುಡುವುದನ್ನು ಎಷ್ಟೋ ಗುಂಪುಗಳು ನಿಷೇಧಿಸಿದವು. ಸ್ವಂತ ಜಮೀನಿನಲ್ಲಿ ಮರಗಳಿರುವ ಕುಟುಂಬಕ್ಕೆ ಕಾಡಿನ ಬಾಗಿಲು ಮುಚ್ಚಿದರೂ ನಡೆಯುತ್ತದೆ, ತುಂಡು ಭೂಮಿಯೂ ಇಲ್ಲದವರಿಗೆ ಅದು ಅನ್ನದ ಪ್ರಶ್ನೆ. ಕಾಡು ಮನೆಯ ಅಂಗಳದವರೆಗೆ ಬಂದಂತೆ ಮಂಗಗಳೂ ಚಿರತೆಗಳೂ ಬಂದಿವೆ. ಮಂಗಗಳ ಕಾಟ ತಾಳಲಾರದೆ ಜೋಳ ಬಿತ್ತುವುದನ್ನೇ ಬಿಟ್ಟ ರೈತರೂ ಇದ್ದಾರೆ.

ಇಷ್ಟೆಲ್ಲ ಕಷ್ಟ ಸಹಿಸಿ ಬೆಳೆಸಿದ ಕಾಡಿನ ಕೆಳಗೇ ಒರತೆಗಳು ಬತ್ತುತ್ತಿವೆ ಎಂಬುದು ಬೆಟ್ಟದ ಜನರನ್ನು ಕಾಡುತ್ತಿರುವ ಸಂಗತಿ. ನದಿಗಳು ಆಳದ ಕಣಿವೆಯಲ್ಲಿ ಹರಿಯುವುದರಿಂದ ಮಧ್ಯದ ಬೆಟ್ಟಗಳ ಊರುಗಳಿಗೆ ಒರತೆಯೇ ಜೀವಾಧಾರ. ಕಾಡಿದ್ದರೆ ನೀರಿರುತ್ತದೆ ಎಂಬ ನಮ್ಮೆಲ್ಲರ ನಂಬಿಕೆಗೆ ಇಲ್ಲಿ ವಿಜ್ಞಾನ ಒಂದು ಷರತ್ತು ಹಾಕುತ್ತದೆ.

ನೇಪಾಳದ ವರ್ಷದ ಮಳೆಯಲ್ಲಿ ಸುಮಾರು ಶೇ. 80ರಷ್ಟು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಬೇಸಿಗೆಯಲ್ಲಿ ಒರತೆ ಜಿನುಗಬೇಕಾದರೆ ಆ ನಾಲ್ಕು ತಿಂಗಳ ನೀರು ನೆಲಕ್ಕೆ ಇಳಿಯಬೇಕು. ಇಳಿಸುವುದು ಮರವಲ್ಲ, ಮರದ ಕೆಳಗಿನ ಮಣ್ಣು. ತರಗೆಲೆ ಕೊಳೆತು, ಎರೆಹುಳು ಕೊರೆದು, ಹಳೆಯ ಬೇರು ಸತ್ತು ಬಿಟ್ಟುಹೋದ ರಂಧ್ರಗಳಿಂದ ಕೂಡಿದ ಮಣ್ಣು ಎಂಥ ಜಡಿಮಳೆಯನ್ನೂ ಕುಡಿಯುತ್ತದೆ. ಇನ್ನೊಂದು ಕಡೆ, ಮರವೂ ಬೇರಿನಿಂದ ನೀರೆತ್ತಿ ಎಲೆಗಳ ಮೂಲಕ ಆವಿಯಾಗಿಸುತ್ತದೆ. ನೆಲಕ್ಕಿಳಿದ ನೀರು ಮರ ಬಳಸಿದ್ದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಒರತೆಗೆ ಲಾಭ.

1970ರ ದಶಕದ ಕೊನೆಯಿಂದ ಸಿಂಧುಪಾಲ್ಚೋಕ್ ಮತ್ತು ಕಾಭ್ರೆಪಲಾಂಚೋಕ್ ಜಿಲ್ಲೆಗಳ ಬೋಳುಬೆಟ್ಟಗಳಲ್ಲಿ ಆಸ್ಟ್ರೇಲಿಯಾದ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ಪೈನ್ ನೆಡಲಾಯಿತು. ಆ ಆಯ್ಕೆಗೆ ಕಾರಣವಿತ್ತು: ತುಳಿತದಿಂದ ಗಟ್ಟಿಯಾದ ಬಡ ಮಣ್ಣಿನಲ್ಲಿ ಬದುಕುವ, ದನಕರು ಬಾಯಿಹಾಕದ ಸಸಿ ಅದು. ಧುಲಿಖೇಲ್ ಸುತ್ತಮುತ್ತ ಬೋಳು ಹುಲ್ಲುಗಾವಲು, ನೆಟ್ಟ ಪೈನ್ ತೋಪು ಮತ್ತು ಸಹಜವಾದ ಅಗಲೆಲೆಯ ಕಾಡು, ಈ ಮೂರನ್ನೂ ಜಲವಿಜ್ಞಾನಿಗಳು ಹೋಲಿಸಿ ಅಳೆದರು. ಸಹಜ ಕಾಡು ಹೆಚ್ಚುಕಡಿಮೆ ಎಲ್ಲ ಮಳೆಯನ್ನೂ ಇಂಗಿಸಿಕೊಂಡಿತು. ಪೈನ್ ತೋಪಿನ ನೆಲ ಮಾತ್ರ ನೆಟ್ಟು ಎರಡು ದಶಕ ಕಳೆದರೂ ಬೋಳು ಹುಲ್ಲುಗಾವಲಿನ ಹಾಗೆಯೇ ಗಟ್ಟಿಯಾಗಿತ್ತು. ಮರಗಳು ನೀರು ಕುಡಿಯುವುದಂತೂ ಹುಲ್ಲಿಗಿಂತ ಬಹಳ ಹೆಚ್ಚಾಗಿತ್ತು. ಹೀಗಾಗಿ ತೋಪಿನ ಲೆಕ್ಕದಲ್ಲಿ ಖರ್ಚು ಏರಿತು, ಜಮೆ ಏರಲಿಲ್ಲ.

ನೆಲ ಗಟ್ಟಿಯಾಗಿಯೇ ಉಳಿದದ್ದಕ್ಕೆ ಪೈನ್ ಒಂದನ್ನೇ ದೂರಲಾಗದು. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ದರಗು ತರುವಂತೆ, ನೇಪಾಳದ ರೈತರೂ ಕೊಟ್ಟಿಗೆಗೆ ಹಾಸಲು ಕಾಡಿನ ತರಗೆಲೆಯನ್ನು ಗುಡಿಸಿ ತರುತ್ತಾರೆ. ಅದೇ ಗೊಬ್ಬರವಾಗಿ ಹೊಲಕ್ಕೆ ಸೇರುತ್ತದೆ. ಹೊಲದ ಫಲವತ್ತತೆ ಹೆಚ್ಚಿದಷ್ಟೂ ಕಾಡಿನ ಮಣ್ಣು ಬಡವಾಗುತ್ತದೆ. ಒರತೆಗಳು ಬತ್ತಲು ಬೇರೆ ಕಾರಣಗಳೂ ಇವೆ. ಯಂತ್ರಗಳಿಂದ ಬೆಟ್ಟ ಕೊರೆದು ಮಾಡಿದ ರಸ್ತೆಗಳು, ಮಳೆಯ ಬದಲಾದ ಲಯ, ಎಮ್ಮೆಗಳು ಹೊರಳುತ್ತಿದ್ದ ಹಳೆಯ ಕೆರೆಗುಂಡಿಗಳು ಮುಚ್ಚಿಹೋದದ್ದು, 2015ರ ಭೂಕಂಪದಲ್ಲಿ ಕೆಲವು ಊರುಗಳ ನೀರಿನ ಜಾಡೇ ಬದಲಾದದ್ದು, ಎಲ್ಲವೂ ಸೇರಿಕೊಂಡಿವೆ.

ಈಗ ವಿಜ್ಞಾನಿಗಳು ಮತ್ತು ಹಲವು ಗುಂಪುಗಳು ಮುಂದಿಡುತ್ತಿರುವ ದಾರಿ ಸರಳವಾಗಿದೆ: ಒತ್ತಾಗಿ ನಿಂತ ಪೈನ್‌ಗಳನ್ನು ಅಲ್ಲಲ್ಲಿ ತೆಗೆದು, ಅವುಗಳ ನೆರಳಲ್ಲಿ ತಾವಾಗಿಯೇ ಹುಟ್ಟಿರುವ ಚಿಲೌನೆ, ಕಟುಸ್ ಮುಂತಾದ ಅಗಲೆಲೆಯ ಮರಗಳಿಗೆ ಬೆಳಕು ಬಿಡುವುದು, ನೀರು ಇಂಗುವ ಜಾಗಗಳನ್ನು ಭೂವಿಜ್ಞಾನದ ನೆರವಿನಿಂದ ಗುರುತಿಸಿ ಅಲ್ಲಿ ಹೊಂಡ ತೋಡುವುದು. ಬೇಸಿಗೆಯಲ್ಲಿ ಪೈನಿನ ಒಣ ಸೂಜಿಯೆಲೆಗಳೇ ಕಾಳ್ಗಿಚ್ಚಿಗೆ ಹಾಸಿಗೆಯಾಗುವುದರಿಂದ ಈ ಕೆಲಸಕ್ಕೆ ತುರ್ತೂ ಇದೆ. 2021ರ ಮಾರ್ಚಿನಲ್ಲಿ ದೇಶದಾದ್ಯಂತ ಹಬ್ಬಿದ ಕಾಡಿನ ಬೆಂಕಿಯಿಂದ ಗಾಳಿ ಎಷ್ಟು ಕೆಟ್ಟಿತೆಂದರೆ ಸರ್ಕಾರ ನಾಲ್ಕು ದಿನ ಶಾಲೆಗಳನ್ನು ಮುಚ್ಚಿಸಿತು. ಮರ ತೆಗೆಯಲು ಗುಂಪಿಗೆ ಅರಣ್ಯ ಕಚೇರಿಯಿಂದ ಮಂಜೂರಾದ ಕಾರ್ಯಯೋಜನೆ ಬೇಕು. ಅವಧಿ ಮುಗಿದ ಯೋಜನೆ ನವೀಕರಣವಾಗುವವರೆಗೆ ತಾವೇ ನೆಟ್ಟ ಪೈನನ್ನೂ ಜನ ಕಡಿಯುವಂತಿಲ್ಲ. ನವೀಕರಣಕ್ಕೆ ಪ್ರತಿಯೊಂದು ಕಾಡಿನ ಮರಗಳನ್ನೂ ತಾಂತ್ರಿಕವಾಗಿ ಅಳೆದು ವರದಿ ಕೊಡಬೇಕು. ಯುವಕರು ದೂರದೇಶಕ್ಕೆ ಹೋಗಿರುವ ಊರುಗಳಲ್ಲಿ ಆ ಅಳತೆಯ ಕೆಲಸಕ್ಕೆ ಕೈಗಳೂ ಇಲ್ಲ, ಅದನ್ನು ಹೊರಗಿನವರಿಂದ ಮಾಡಿಸಲು ಸಣ್ಣ ಗುಂಪುಗಳ ಬಳಿ ಹಣವೂ ಇಲ್ಲ.