ವರ್ಮ್‌ವುಡ್‌ನಲ್ಲಿ ಹುಳುವೂ ಇಲ್ಲ, ಮರವೂ ಇಲ್ಲ

ಮಡಿಕೇರಿಯ ಹೋಮ್‌ಮೇಡ್ ವೈನ್ ಅಂಗಡಿಯೊಂದರಲ್ಲಿ ಮೊನ್ನೆ ಹೊಸ ಬಾಟಲಿ ಕಂಡೆ. ಚೀಟಿಯಲ್ಲಿ 'ವರ್ಮ್‌ವುಡ್ ಲಿಕ್ಕರ್' ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮಾಚಿಪತ್ರೆ, ಮಲೇರಿಯಾಕ್ಕೂ ಒಳ್ಳೆಯದು'. ಹೋದ ತಿಂಗಳು ಒಂದು ಹೋಮ್‌ಸ್ಟೇಯಲ್ಲಿ ದವನವೇ ವರ್ಮ್‌ವುಡ್ ಎಂದರು. ಅದಕ್ಕೂ ಮುಂಚೆ ಯಾರೋ ವರ್ಮ್ ಅಂದರೆ ಹುಳು, ವುಡ್ ಅಂದರೆ ಮರ ಎಂದುಕೊಂಡು 'ಹುಳುಮರ' ಎಂದು ಕನ್ನಡಕ್ಕೆ ತಂದಿದ್ದರು. ಇನ್ನು ಸುಮ್ನೆ ಇರಲಾಗದು.

ಹುಳುಮರದಿಂದಲೇ ಶುರು ಮಾಡೋಣ. ವರ್ಮ್‌ವುಡ್ ಮರವಲ್ಲ, ಸೊಂಟದೆತ್ತರದ ಕಹಿ ಗಿಡ. ಹುಳುವೂ ಆಮೇಲೆ ಬಂದು ಸೇರಿದ್ದು. ಹಳೆಯ ಇಂಗ್ಲಿಷಿನಲ್ಲಿ ಇದರ ಹೆಸರು 'ವೆರ್ಮೋಡ್'. ಕಾಲ ಕಳೆದಂತೆ ಆ ಪದ ಯಾರಿಗೂ ಅರ್ಥವಾಗದೆ ಹೋಯಿತು. ಹೊಟ್ಟೆಹುಳಕ್ಕೆ ಇದನ್ನೇ ಕುಡಿಸುತ್ತಿದ್ದರು. ಹಾಗಾಗಿ ತಲೆಗೆ 'ವರ್ಮ್' ಬಂತು, ಬಾಲಕ್ಕೆ 'ವುಡ್' ಅಂಟಿತು. ಮಡಿಕೇರಿಯನ್ನು ಇಂಗ್ಲಿಷರು ಕರೆದ 'ಮರ್ಕೇರಾ' ನೋಡಿ ಯಾರಾದರೂ 'ಮರ, ಕೆರೆ ಇರುವ ಊರು' ಎಂದು ಅರ್ಥ ಹೇಳಿದರೆ ನಾವು ನಗುತ್ತೇವೆ ಅಲ್ವಾ? ಹುಳುಮರವೂ ಅಷ್ಟೇ.

ಅದೇ ವೆರ್ಮೋಡ್‌ನ ಜರ್ಮನ್ ಒಡಹುಟ್ಟು 'ವೆರ್ಮುಟ್'. ಅದು ಫ್ರೆಂಚರ ಬಾಯಲ್ಲಿ 'ವರ್ಮೂತ್' ಆಯಿತು. ಹೌದು, ಬಾರ್‌ನಲ್ಲಿ ಸಿಗುವ, ಸೊಪ್ಪು ನೆನೆಸಿದ ವೈನು, ಅದೇ ವರ್ಮೂತ್. ಇನ್ನು ಆಬ್ಸಿಂತ್ ಎಂಬ ಕಟು ಮದ್ಯದ ಹೆಸರು ಬಂದದ್ದು ಗ್ರೀಕರ 'ಅಪ್ಸಿಂಥಿಯೋನ್'ನಿಂದ. ಅದೂ ಇದೇ ಗಿಡ! ಎರಡು ಬಾಟಲಿ, ಎರಡು ದಾರಿ, ಗಿಡ ಒಂದೇ: ಆರ್ಟಿಮೀಸಿಯಾ ಆಬ್ಸಿಂಥಿಯಮ್. ಯುರೋಪಿನದು. ನಮ್ಮ ದೇಶದಲ್ಲಿ ಕಾಶ್ಮೀರದ ಕಡೆ ಬೆಳೆಯುತ್ತದೆ.

ಮಾಚಿಪತ್ರೆ ಅದರ ದಾಯಾದಿ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ಮೊದಲು ಏರಿಸುವುದು ಇದನ್ನೇ, ಹಾಗಾಗಿ ಗುರುತು ಹೇಳಬೇಕಾಗಿಲ್ಲ. ಆದರೂ ಎಲೆ ತಿರುಗಿಸಿ ನೋಡಿ. ನಮ್ಮದು ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಗೆ. ಆಬ್ಸಿಂಥಿಯಮ್ ಎಲೆಗೆ ಎರಡೂ ಕಡೆ ಬೂದಿ ಬಳಿದ ಹಾಗಿರುತ್ತದೆ. ದವನವೂ ಅದೇ ಕುಲದ್ದು, ಆದರೆ ಸಿಹಿ ಪರಿಮಳದ್ದು. ಹಾರಕ್ಕೆ ಕಟ್ಟುವ ದವನವನ್ನು ಕಹಿಗೆ ಹೆಸರಾದ ಗಿಡ ಅನ್ನುವವರು ಅದನ್ನು ಒಮ್ಮೆಯೂ ಮೂಸಿಲ್ಲ. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಸಿಕ್ಕಿದ್ದು ಮತ್ತೊಂದು ದಾಯಾದಿಯಿಂದ, ಆರ್ಟಿಮೀಸಿಯಾ ಆನುವಾ. ಆ ಕೆಲಸಕ್ಕೆ 2015ರಲ್ಲಿ ಚೀನಾದ ತು ಯೂಯೂ ಅವರಿಗೆ ನೊಬೆಲ್ ಬಂತು. ಆ ಪುಣ್ಯವನ್ನು ಇಡೀ ಕುಲಕ್ಕೆ ಹಂಚುವ ಹಾಗಿಲ್ಲ.

ಆಬ್ಸಿಂತ್ ಕುಡಿದರೆ ಹುಚ್ಚು ಹಿಡಿಯುತ್ತದೆ ಎಂದು ಹೆದರಿ 1915ರಲ್ಲಿ ಫ್ರಾನ್ಸ್ ಅದನ್ನು ನಿಷೇಧಿಸಿತ್ತು. ಗಿಡದಲ್ಲಿರುವ ಥುಜೋನ್ ಎಂಬ ರಾಸಾಯನಿಕದ ಮೇಲೆ ತಪ್ಪು ಹೊರಿಸಿದರು. ಬಾಟಲಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದದ್ದು ಆಲ್ಕೋಹಾಲ್.

ಇನ್ನು 'ಲಿಕ್ಕರ್'. ಅದು ಎಲ್ಲ ಸಾರಾಯಿಗೂ ಹೇಳುವ ಮಾತು. ಸೊಪ್ಪು, ಹಣ್ಣು ನೆನೆಸಿ ಸಕ್ಕರೆ ಬೆರೆಸಿದರೆ ಅದು ಲಿಕ್ಯೂರ್. ಸಕ್ಕರೆ ಇಲ್ಲದ ಆಬ್ಸಿಂತ್ ಲಿಕ್ಯೂರ್ ಅಲ್ಲ. ವರ್ಮೂತ್ ಅಂತೂ ವೈನು.

ಅಂಗಡಿಯವರನ್ನು ಇದಕ್ಕೆ ಏನೇನು ಹಾಕಿದ್ದೀರಿ ಎಂದು ಕೇಳಿದೆ.

"ದ್ರಾಕ್ಷಿ ವೈನು, ಬೆಲ್ಲ, ತೋಟದ ಮಾಚಿಪತ್ರೆ."

"ಹಾಗಿದ್ರೆ ಮಾಚಿಪತ್ರೆ ವೈನ್ ಅಂತಲೇ ಬರೀರಿ."

"ಹಾಗೆ ಬರೆದರೆ ಟೂರಿಸ್ಟ್‌ಗಳು ಪೂಜೆ ಸಾಮಾನು ಅಂದ್ಕೋತಾರೆ ಸರ್."