ಕರೆಂಟ್ ಬಂದಾಗ ಮೊದಲು ಏಳುವುದು ಯಾರು?

ಮಂಡ್ಯದ ಕಡೆ ಕಬ್ಬಿಗೆ ಬೋರ್ ನೀರು ಹಾಯಿಸುವವರಿಗೆ ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾಯುವುದು ಏನಂತ ಗೊತ್ತು. ನಮ್ಮ ಭಾವನ ನಿದ್ದೆ ಉಳಿಯಲಿ ಅಂತ ಕರೆಂಟ್ ಬಂದರೆ ತಾನೇ ಪಂಪ್ ಶುರು ಮಾಡುವ ಒಂದು ಆಟೋ ಸ್ಟಾರ್ಟರ್ ಮಾಡಿಕೊಟ್ಟಿದ್ದೆ. ಮೊದಲು ಅದರೊಳಗೆ ಹಾಕಿದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡುವ ಅಂಗೈಯಗಲದ ಕಂಪ್ಯೂಟರ್ ಬೋರ್ಡ್. ಕರೆಂಟ್ ಬಂದರೆ ಅದು ಎದ್ದು ಕೂರಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಕರೆಂಟ್ ಹೋಗಿ ಮತ್ತೆ ಬಂದಿರುತ್ತಿತ್ತು. ಒಂದು ರಾತ್ರಿ ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. ಕಾರ್ಡಿನಲ್ಲಿದ್ದ ಫೈಲುಗಳು ಕೆಟ್ಟವು. "ನೀರೇ ಹಾಯ್ದಿಲ್ಲ ಕಣಪ್ಪ, ನಿನ್ನ ಪೆಟ್ಟಿಗೆ ಎದ್ದೇ ಇಲ್ಲ" ಅಂತ ಬೆಳಿಗ್ಗೆ ಭಾವ ಫೋನ್ ಮಾಡಿದರು.

ಅದನ್ನು ತೆಗೆದು ಎಸ್‌ಟಿಎಂ32 ಅನ್ನುವ ಪುಟ್ಟ ಕಂಟ್ರೋಲ್ ಚಿಪ್ ಇರುವ ಬೋರ್ಡ್ ಹಾಕಿದೆ. ಒಳಗಿರುವುದು ಕಾರ್ಟೆಕ್ಸ್-ಎಂ3 ಪ್ರೊಸೆಸರ್, ಪ್ರೋಗ್ರಾಮ್ ಇಡಲು 64 ಕಿಲೋಬೈಟ್ ಫ್ಲ್ಯಾಶ್, 20 ಕಿಲೋಬೈಟ್ ರ‍್ಯಾಮ್. ಇದು ಏಳುವ ರೀತಿ ನೋಡಿ. ವೋಲ್ಟೇಜ್ ಸಾಕಷ್ಟು ಏರುವ ತನಕ ಚಿಪ್ ತನ್ನನ್ನು ತಾನೇ ತಡೆದುಕೊಂಡಿರುತ್ತದೆ. ಏರಿದ ಕೂಡಲೇ ಮೆಮೊರಿಯ ಸೊನ್ನೆ ವಿಳಾಸಕ್ಕೆ, ಅಂದರೆ ಮೊಟ್ಟಮೊದಲ ಜಾಗಕ್ಕೆ ಹೋಗಿ ಎಂಟು ಬೈಟ್ ಓದುತ್ತದೆ. ಮೊದಲ ನಾಲ್ಕು ಬೈಟ್, ಕೆಲಸದ ನಡುವೆ ನೆನಪಿಟ್ಟುಕೊಳ್ಳಬೇಕಾದ್ದನ್ನು ಎಲ್ಲಿ ಪೇರಿಸಬೇಕು ಅಂತ ಹೇಳುತ್ತವೆ. ಉಳಿದ ನಾಲ್ಕು, ಪ್ರೋಗ್ರಾಮ್ ಎಲ್ಲಿಂದ ಶುರು ಅಂತ. ಅಷ್ಟೇ, ಕೆಲಸ ಶುರು. ಕಣ್ಣು ಮಿಟುಕಿಸುವಷ್ಟೂ ಹೊತ್ತಾಗುವುದಿಲ್ಲ.

ಈ ಸೊನ್ನೆ ವಿಳಾಸದ ಕತೆ ಹಳೆಯದು. 1964ರ ಏಪ್ರಿಲ್‌ನಲ್ಲಿ ಐಬಿಎಂ ಕಂಪನಿ ತನ್ನ ಸಿಸ್ಟಮ್/360 ಅನ್ನುವ ದೊಡ್ಡ ಕಂಪ್ಯೂಟರ್‌ಗಳನ್ನು, ಅಂದರೆ ಮೇನ್‌ಫ್ರೇಮ್‌ಗಳನ್ನು ಪ್ರಕಟಿಸಿತು. ಅದನ್ನು ಎಬ್ಬಿಸುವುದಕ್ಕೆ ಐಪಿಎಲ್ ಅನ್ನುತ್ತಾರೆ, ಅಂದರೆ ಇನಿಶಿಯಲ್ ಪ್ರೋಗ್ರಾಮ್ ಲೋಡ್. ಮುಂದಿನ ಪ್ಯಾನೆಲ್ಲಿನ ಮೂರು ಡಯಲ್ ತಿರುಗಿಸಿ, ಪ್ರೋಗ್ರಾಮ್ ಯಾವ ಡಿಸ್ಕ್, ಟೇಪ್ ಅಥವಾ ಕಾರ್ಡ್ ರೀಡರಿನಿಂದ ಬರಬೇಕು ಅಂತ ಆಪರೇಟರ್ ಹೇಳಬೇಕು. ಆಮೇಲೆ ಲೋಡ್ ಬಟನ್ ಒತ್ತಬೇಕು. ಆಗ 24 ಬೈಟ್ ಬಂದು ಸೊನ್ನೆ ವಿಳಾಸದಿಂದ ಕೂರುತ್ತವೆ. ಅವುಗಳಲ್ಲಿ ಕೊನೆಯ 16 ಬೈಟ್‌ಗಳಲ್ಲಿರುವುದು ಮುಂದೆ ಏನೇನು ಓದಿಕೊಳ್ಳಬೇಕು ಅನ್ನುವ ಎರಡು ಆಜ್ಞೆ. ಆ ಓದು ಮುಗಿದ ಮೇಲೆ ಮೊದಲ ಎಂಟು ಬೈಟ್ ನೋಡಿ, ಎಲ್ಲಿಂದ ಓಡಬೇಕು ಅಂತ ಪ್ರೊಸೆಸರ್ ತಿಳಿದುಕೊಳ್ಳುತ್ತದೆ. ಒಂದು ಕೋಣೆ ತುಂಬುವ ಯಂತ್ರ, ಶುರುವಾಗುವುದು 24 ಬೈಟಿನಿಂದ! ನನಗೆ ಇದು ಈಗಲೂ ಬೆರಗು.

ಹಾಗಾದರೆ ಇವತ್ತಿನ ಮೇನ್‌ಫ್ರೇಮ್ ಏಳಲು ಅಷ್ಟೊಂದು ನಿಮಿಷ ಯಾಕೆ ಬೇಕು? ಅದು ಮೆಮೊರಿ ಪರೀಕ್ಷಿಸಬೇಕು, ಯಾವ ಡಿಸ್ಕ್ ಯಾವ ದಾರಿಯಲ್ಲಿದೆ ಅಂತ ಒಂದೊಂದಾಗಿ ಹುಡುಕಬೇಕು, ಡೇಟಾಬೇಸನ್ನು ಎಬ್ಬಿಸಿ ಅರ್ಧಕ್ಕೆ ನಿಂತ ಲೆಕ್ಕಗಳನ್ನು ಸರಿಪಡಿಸಬೇಕು. ಅವಸರ ಮಾಡಿ ಯಾರದೋ ಬ್ಯಾಂಕ್ ಖಾತೆ ತಪ್ಪಿದರೆ? ಇನ್ನೊಂದು ಕಾರಣವೂ ಇದೆ, ನನಗದೇ ದೊಡ್ಡದು. ಮೇನ್‌ಫ್ರೇಮನ್ನು ಕಟ್ಟಿರುವುದು ಮಲಗದೇ ಇರಲಿ ಅಂತ. ಓಡುತ್ತಿರುವಾಗಲೇ ಎಷ್ಟೋ ಬಿಡಿಭಾಗ ಬದಲಿಸಬಹುದು. ತಿಂಗಳುಗಟ್ಟಲೆ ಎಚ್ಚರವಾಗಿರುವವರಿಗೆ ಏಳುವ ಅವಸರ ಯಾಕೆ, ಅಲ್ವಾ? ನಮ್ಮ ಗದ್ದೆಯ ಬೋರ್ಡ್ ಪಾಡು ಬೇರೆ. ಅದು ಒಂದೇ ರಾತ್ರಿಯಲ್ಲಿ ಹತ್ತು ಸಲ ಸತ್ತು ಹತ್ತು ಸಲ ಹುಟ್ಟಬೇಕು.

ಮೇನ್‌ಫ್ರೇಮಿನ ಕಪಾಟಿನೊಳಗೂ ಸಣ್ಣ ಕಂಪ್ಯೂಟರ್‌ಗಳಿವೆ. ಸರ್ವಿಸ್ ಪ್ರೊಸೆಸರ್ ಅನ್ನುತ್ತಾರೆ. ಕರೆಂಟ್ ಕೊಟ್ಟಾಗ ಮೊದಲು ಏಳುವುದು ಅವೇ. ಅವು ಎದ್ದು, ಎಲ್ಲ ಸರಿ ಇದೆಯಾ ನೋಡಿ, ಆಮೇಲೆ ದೊಡ್ಡ ಪ್ರೊಸೆಸರ್‌ಗಳನ್ನು ಎಬ್ಬಿಸುತ್ತವೆ.

ಭಾವನ ಪೆಟ್ಟಿಗೆಯಲ್ಲೂ ಹೆಚ್ಚುಕಮ್ಮಿ ಅದೇ ಕೆಲಸ. ಬೋರ್ಡ್ ತಕ್ಷಣ ಏಳುತ್ತದೆ, ಮೋಟಾರನ್ನು ಮಾತ್ರ ಎಬ್ಬಿಸುವುದಿಲ್ಲ. ಮೂರೂ ಫೇಸ್ ಇದೆಯಾ ನೋಡುತ್ತದೆ, ಒಂದು ಇಲ್ಲದಿದ್ದರೂ ವೈಂಡಿಂಗ್ ಸುಟ್ಟುಹೋಗುತ್ತದೆ. ಸುತ್ತಲಿನ ಪಂಪ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದಲ್ಲ, ಅದಕ್ಕೆ ಒಂದು ನಿಮಿಷ ಕಾಯುತ್ತದೆ. ಆಮೇಲೆ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಟಕ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಪೈಪಿನ ಬಾಯಲ್ಲಿ ಗಾಳಿ ಬುಸ್ ಅಂದು ನೀರು ಬರುತ್ತದೆ.